ಕೈರೋ ತಲುಪಿದ ಖಿಚಡಿ, ಪಕ್ಕದ ಬೀದಿ ತಲುಪಲಿಲ್ಲ

2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಯುನೆಸ್ಕೋದ ಸಮಿತಿಯೊಂದು ಸಭೆ ಸೇರಿತ್ತು. ನಮ್ಮ ದೀಪಾವಳಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಆ ಸಭೆಯೇ ಈಜಿಪ್ಟಿನ ಕೊಶರಿ ಎಂಬ ಊಟವನ್ನೂ ಸೇರಿಸಿತು. ದೀಪಾವಳಿಯ ಸಂಭ್ರಮದಲ್ಲಿ ಕೊಶರಿಯನ್ನು ಗಮನಿಸಿದವರು ನಮ್ಮಲ್ಲಿ ಕಡಿಮೆ. ಗಮನಿಸಿದ ಕೆಲವರು ಹೇಳಿದ್ದು ಮಾತ್ರ ಹೆಚ್ಚುಕಡಿಮೆ ಒಂದೇ ಮಾತು: ‘ಅದು ನಮ್ಮ ಖಿಚಡಿ ಕಣ್ರೀ, ಇಲ್ಲಿಂದ ಹೋಗಿದ್ದು.’

ನಾನು ಕೊಶರಿ ಮಾಡಲು ಕೂತದ್ದು ಈ ಮಾತಿನಿಂದಾಗಿ. ಮಾತು ಸುಳ್ಳು ಎಂದೇನೂ ಅಲ್ಲ. ಆದರೆ ಅದರಲ್ಲಿರುವ ‘ನಮ್ಮ’ ಎನ್ನುವ ಪದ ನನಗೆ ಒಗ್ಗಲಿಲ್ಲ. ಚಿಂತಾಮಣಿಯ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಖಿಚಡಿ ಮಾಡಿದವರಲ್ಲ. ಹುಷಾರು ತಪ್ಪಿದರೆ ಗಂಜಿ, ಹಬ್ಬಕ್ಕೆ ಪೊಂಗಲ್, ನೆಂಟರು ಬಂದರೆ ಬಿಸಿಬೇಳೆಬಾತು, ಮಿಕ್ಕ ದಿನ ಮುದ್ದೆ ಮತ್ತು ಸಾರು. ಖಿಚಡಿ ನಮಗೆ ಸಿನಿಮಾದಲ್ಲಿ, ಆಸ್ಪತ್ರೆಯ ಪಥ್ಯದ ಚೀಟಿಯಲ್ಲಿ ಸಿಕ್ಕ ಪದ. ಕೈರೋ ಎದುರು ನಿಂತಾಗ ಮಾತ್ರ ಅದು ಇದ್ದಕ್ಕಿದ್ದಂತೆ ನಮ್ಮದಾಗುವುದು ಹೇಗೆ?

ಮೊದಲು ಕೊಶರಿ ಎಂದರೇನು ಹೇಳಿಬಿಡುತ್ತೇನೆ. ಅನ್ನ, ಇಡೀ ಮಸೂರ, ಮ್ಯಾಕರೋನಿ, ಎಣ್ಣೆಯಲ್ಲಿ ಕೆಂಪಗೆ ಹುರಿದ ಶಾವಿಗೆ, ಬೇಯಿಸಿದ ಕಾಬೂಲಿ ಕಡಲೆ. ಇವುಗಳ ಮೇಲೆ ಟೊಮೆಟೊ ಗೊಜ್ಜು, ಅದರ ಮೇಲೆ ಕರುಂ ಅನ್ನುವಷ್ಟು ಕರಿದ ಈರುಳ್ಳಿ. ಪಕ್ಕದಲ್ಲಿ ಎರಡು ಬಟ್ಟಲು: ಒಂದರಲ್ಲಿ ಬೆಳ್ಳುಳ್ಳಿ, ಜೀರಿಗೆ ಜಜ್ಜಿ ವಿನೆಗರ್ ಬೆರೆಸಿದ ಹುಳಿನೀರು, ಇನ್ನೊಂದರಲ್ಲಿ ಖಾರ. ಕೈರೋದ ಬೀದಿಗಳಲ್ಲಿ ಇದನ್ನೇ ಮಾರುವ ಅಂಗಡಿಗಳಿವೆ. ಅಲ್ಲಿ ಬೇರೇನೂ ಸಿಗುವುದಿಲ್ಲ. ದೊಡ್ಡ ದೊಡ್ಡ ಪಾತ್ರೆಗಳ ಮುಂದೆ ನಿಂತವನು ಲೋಹದ ಸೌಟಿನಿಂದ ಬಟ್ಟಲಿನ ಅಂಚಿಗೆ ಟಣ್ ಟಣ್ ಎಂದು ಬಡಿಯುತ್ತಾ ಒಂದೊಂದೇ ಪದರ ಪೇರಿಸಿ ಕೊಡುತ್ತಾನೆ. ಕೂಲಿಯವರು, ಕಾಲೇಜು ಹುಡುಗರು, ಗುಮಾಸ್ತರು ನಿಂತೇ ತಿಂದು ಹೋಗುತ್ತಾರೆ.

ಮೊದಲ ಸಲ ನಾನು ಮಾಡಿದ್ದು ಕೆಟ್ಟಿತು. ಇಡೀ ಮಸೂರ ನಮ್ಮ ಬೀದಿಯ ಅಂಗಡಿಯಲ್ಲಿ ಸಿಗಲಿಲ್ಲ. ತೊಗರಿ, ಅವರೆ, ಹುರುಳಿ, ಅಲಸಂದೆ, ಹೆಸರು ಎಲ್ಲ ಇತ್ತು. ಸಿಕ್ಕಿದ್ದು ಒಡೆದ ಕೆಂಪು ಮಸೂರ್ ಬೇಳೆ. ಅದನ್ನೇ ಅಕ್ಕಿಯ ಜೊತೆ ಕುಕ್ಕರಿಗೆ ಹಾಕಿ, ಕೈ ಅಭ್ಯಾಸಕ್ಕೆ ಮೂರು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಒಳಗೆ ಹಳದಿ ಪೊಂಗಲ್. ಅದರ ಮೇಲೆ ಮ್ಯಾಕರೋನಿ, ಗೊಜ್ಜು ಎಲ್ಲ ಸುರಿದು ಅಮ್ಮನ ಮುಂದಿಟ್ಟೆ. ಎರಡು ತುತ್ತು ತಿಂದು, ‘ಬಿಸಿಬೇಳೆಬಾತು ಮಾಡೋಕೆ ಹೋಗಿ ಮಸಾಲೆ ಮರ್ತಂಗೈತೆ ಕಣಪ್ಪಾ’ ಅಂದರು. ನನಗೆ ಬೇಜಾರಾಯಿತು. ಆಮೇಲೆ ಯೋಚಿಸಿದರೆ, ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿರಲಿಲ್ಲ.

ಅಮ್ಮ ಹೇಳಿದ್ದು ಇದು: ನೀನು ಮಾಡಿದ್ದು ನಮಗೆ ಗೊತ್ತಿರುವ ಒಂದು ಅಡುಗೆಯ ಕೆಟ್ಟ ನಕಲು. ಕೊಶರಿಯನ್ನು ಖಿಚಡಿ ಎಂದು ಓದುವವರೂ ಇದನ್ನೇ ಮಾಡುತ್ತಿದ್ದಾರೆ ಎಂದು ನನಗೆ ತೋರುತ್ತದೆ. ಖಿಚಡಿಯ, ಬಿಸಿಬೇಳೆಬಾತಿನ ಗುಣವೇ ಕರಗುವುದು. ಅಕ್ಕಿಯೂ ಬೇಳೆಯೂ ತಮ್ಮ ಗುರುತು ಬಿಟ್ಟುಕೊಟ್ಟ ಮೇಲೆ ಅದು ಹದಕ್ಕೆ ಬಂತು ಎನ್ನುತ್ತೇವೆ. ಕೊಶರಿಯಲ್ಲಿ ಯಾವುದೂ ಕರಗಕೂಡದು. ಕಾಳು ಕಾಳಾಗಿ, ಅನ್ನ ಉದುರುದುರಾಗಿ, ಮ್ಯಾಕರೋನಿ ಗಟ್ಟಿಯಾಗಿ ಇರಬೇಕು. ಪ್ರತಿಯೊಂದನ್ನೂ ಬೇರೆ ಬೇರೆ ಬೇಯಿಸಿ ತಟ್ಟೆಯಲ್ಲಿ ಪೇರಿಸುವುದು, ಕೂಡಿಸುವ ಕೆಲಸವನ್ನು ತಿನ್ನುವವರ ಚಮಚಕ್ಕೆ ಬಿಡುವುದು. ಸಾಮಗ್ರಿಯ ಪಟ್ಟಿ ನೋಡಿ ಎರಡೂ ಒಂದೇ ಎನ್ನುವುದು, ಕಥಾಸಾರ ನೋಡಿ ಎರಡು ಕಾದಂಬರಿ ಒಂದೇ ಎಂದ ಹಾಗೆ.

ಇನ್ನು ‘ಇಲ್ಲಿಂದ ಹೋಗಿದ್ದು’ ಎಂಬ ಕಥೆ. ಜನಪ್ರಿಯವಾಗಿರುವ ಆವೃತ್ತಿಯಲ್ಲಿ ಬ್ರಿಟಿಷ್ ಸೈನ್ಯದ ಭಾರತೀಯ ಸಿಪಾಯಿಗಳು ಮೊದಲ ಮಹಾಯುದ್ಧದ ಹೊತ್ತಿಗೆ ಖಿಚಡಿಯನ್ನು ಈಜಿಪ್ಟಿಗೆ ಒಯ್ದರು. ಕೇಳಲು ಚೆನ್ನಾಗಿದೆ. ಆದರೆ 1853ರಲ್ಲಿ ಸೂಯೆಜ್ ಬಂದರಿನ ಮೂಲಕ ಹಾದುಹೋದ ರಿಚರ್ಡ್ ಬರ್ಟನ್ ತನ್ನ ಪ್ರವಾಸಕಥನದಲ್ಲಿ ಅಲ್ಲಿನವರ ಊಟಗಳ ನಡುವೆ ಈ ಅಕ್ಕಿ-ಮಸೂರದ ಅಡುಗೆಯನ್ನೂ ಹೆಸರಿಸುತ್ತಾನೆ. ಆಗಿನ್ನೂ ಸೂಯೆಜ್ ಕಾಲುವೆಯೇ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಬ್ರಿಟಿಷರು ಈಜಿಪ್ಟನ್ನು ಹಿಡಿದದ್ದು 1882ರಲ್ಲಿ. ಅಂದರೆ ಸಿಪಾಯಿಗಳಿಗಿಂತ ಮುಂಚೆಯೇ ಆ ಬಂದರಿಗೆ ಹಾಜಿಗಳೂ ವ್ಯಾಪಾರಿಗಳೂ ಖಲಾಸಿಗಳೂ ಬಂದು ಹೋಗುತ್ತಿದ್ದರು, ಅವರ ಪಾತ್ರೆಗಳೂ ಬಂದಿದ್ದವು. ಹೆಸರಿನ ಮಟ್ಟಿಗೆ ಕೊಶರಿ ಖಿಚಡಿಯ ಮಗಳೇ ಇರಬಹುದು. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಹೆಸರುಕಾಳು, ಅಕ್ಕಿ ಬೇಯಿಸಿ ತುಪ್ಪ ಹಾಕಿ ತಿನ್ನುವ ‘ಕಿಶ್ರಿ’ಯನ್ನು ಬರೆದಿಟ್ಟಿದ್ದಾನೆ. ಆದರೆ ಅವನಿಗೂ ಮುಂಚೆ, ಹದಿಮೂರನೇ ಶತಮಾನದ ಬಾಗ್ದಾದಿನ ಅಡುಗೆ ಪುಸ್ತಕದಲ್ಲಿ ಅಕ್ಕಿ-ಮಸೂರದ ಮುಜದ್ದರ ಇದೆ. ಮಸೂರ ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ, ಅಲ್ಲಿಂದ ನಮ್ಮ ಕಡೆ ಬಂತು. ಅಕ್ಕಿ ನಮ್ಮ ಕಡೆಯಿಂದ ಅತ್ತ ಹೋಯಿತು. ಇಬ್ಬರೂ ದಾರಿಯಲ್ಲಿ ಎಲ್ಲೋ ಸಂಧಿಸಿದ್ದಾರೆ, ಒಂದೇ ಸಲ ಇರಲಾರದು. ಇದರಲ್ಲಿ ಯಾರು ಯಾರಿಗೆ ಕೊಟ್ಟರು ಎಂದು ಲೆಕ್ಕ ಇಡುವವರಿಗೆ ಮ್ಯಾಕರೋನಿಯನ್ನು ಯಾವ ಕಲಮಿಗೆ ಹಾಕಬೇಕೆಂದೂ ಗೊತ್ತಿರಬೇಕು. (ಇಟಲಿಯ ಅಡುಗೆಯೂ ಅದೇ ಕೆಂಪುಕೋಟೆಯ ಸಭೆಯಲ್ಲಿ ಪಟ್ಟಿಗೆ ಸೇರಿತು.)

ಮೂಲದ ಈ ಹುಚ್ಚಿಗೆ ಕನ್ನಡದಲ್ಲಿ ಐವತ್ತು ವರ್ಷಗಳ ಹಿಂದೆಯೇ ಒಬ್ಬರು ಔಷಧ ಬರೆದುಕೊಟ್ಟಿದ್ದರು. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಆ ಶೀರ್ಷಿಕೆಯಲ್ಲೂ ‘ನಮ್ಮ’ ಇದೆ. ಆದರೆ ಅಲ್ಲಿ ಅದು ಹೊಟ್ಟೆಗೆ ಅಂಟಿಕೊಂಡಿದೆ, ಪದಾರ್ಥಕ್ಕಲ್ಲ. ನಾವು ದಿನಾ ತಿನ್ನುವ ಎಷ್ಟೋ ತರಕಾರಿ, ಕಾಯಿ, ಗೆಡ್ಡೆ ಸಮುದ್ರ ದಾಟಿ ಬಂದದ್ದು ಎನ್ನುವುದನ್ನು ಸಸ್ಯವಿಜ್ಞಾನಿಯಾಗಿ ತಿಳಿದು, ತುಂಟನಾಗಿ ಹೇಳಿದವರು ಅವರು. ಮಡಿಯ ಪಂಕ್ತಿಯಲ್ಲಿ ಕೂತವರ ಎಲೆಯ ಮೇಲೆ ಎಷ್ಟು ಪರದೇಶವಿದೆ ಎಂದು ತೋರಿಸಿ ನಗುವ ಆ ಧಾಟಿ ಇವತ್ತಿನ ಆಹಾರ ಬರಹದಲ್ಲಿ ಎಲ್ಲಿ ಹೋಯಿತೋ. ಈಗ ನಮಗೆ ಎರಡೇ ರಾಗ ಗೊತ್ತು: ಒಂದು ಅಜ್ಜಿಯ ಕೈರುಚಿಯ ಕೊರಗು, ಇನ್ನೊಂದು ಪುರಾತನ ಭಾರತದ ಹೆಮ್ಮೆ. ಎರಡಕ್ಕೂ ನಗು ಆಗಿಬರುವುದಿಲ್ಲ.

ಟೊಮೆಟೊ ಹಣ್ಣನ್ನೇ ತೆಗೆದುಕೊಳ್ಳಿ. ಕೊಶರಿಯ ಜೀವ ಅದರ ಗೊಜ್ಜಿನಲ್ಲಿದೆ. ನಮ್ಮ ಊರಿನ ಜೀವವೂ ಹಣ್ಣಿನ ಮಂಡಿಯಲ್ಲಿದೆ. ದರ ಏರಿದ ವರ್ಷ ಮಗಳ ಮದುವೆ, ಇಳಿದ ವರ್ಷ ಕ್ರೇಟುಗಟ್ಟಲೆ ಹಣ್ಣು ರಸ್ತೆಬದಿಗೆ. ದಕ್ಷಿಣ ಅಮೆರಿಕದ ಈ ಗಿಡ ಬೆಳೆಯುವುದು ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರಿನಲ್ಲಿ. ಈಗ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದಾಗಿ ಬೆಂಗಳೂರಿನ ಮನೆಗಳ ಬಚ್ಚಲ ನೀರು ಎರಡು ಹಂತ ಶುದ್ಧವಾಗಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬಂದು, ಅಲ್ಲಿಂದ ನೆಲಕ್ಕೆ ಇಳಿಯುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ನನ್ನ ಬಾಣಲೆಯಲ್ಲಿ ಕುದಿಯುತ್ತಿದ್ದ ಆರು ಹಣ್ಣುಗಳ ‘ಮೂಲ’ ಬರೆಯಬೇಕೆಂದರೆ ಪೆರುವಿನಿಂದ ಶುರುಮಾಡಿ ಬೆಂಗಳೂರಿನ ಬಚ್ಚಲವರೆಗೆ ಬರೆಯಬೇಕು. ಅಡುಗೆ ಪುಸ್ತಕಗಳು ಇದನ್ನು ‘ನಾಟಿ ಟೊಮೆಟೊ – ಆರು’ ಎನ್ನುತ್ತವೆ.

ಈರುಳ್ಳಿಯದೂ ಒಂದು ಮಾತು. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಬೆಳೆಯುವ ಗುಲಾಬಿ ಈರುಳ್ಳಿಗೆ ‘ಬೆಂಗಳೂರು ರೋಸ್’ ಎಂದು ಹೆಸರು, ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದರ ದೊಡ್ಡ ಪಾಲು ಹಡಗು ಹತ್ತಿ ಮಲೇಷ್ಯಾ, ಸಿಂಗಪುರಕ್ಕೆ ಹೋಗುತ್ತದೆ. ಸ್ಥಳೀಯ ಅಭಿಮಾನದಿಂದ ಅದನ್ನೇ ತಂದು ಹೆಚ್ಚಲು ಕೂತೆ. ಪುಟ್ಟದು, ಚಪ್ಪಟೆ, ಘಾಟು. ಇಪ್ಪತ್ತು ಗೆಡ್ಡೆ ಹೆಚ್ಚುವಷ್ಟರಲ್ಲಿ ಕಣ್ಣು ಮೂಗು ಒಂದಾಯಿತು. ಕರಿದಾಗ ಮುದುರಿ ಕರಕಲಾಯಿತು. ಕೊಶರಿಗೆ ಉದ್ದುದ್ದ ಎಳೆ ಬರುವ ದಪ್ಪ ಈರುಳ್ಳಿಯೇ ಸರಿ, ಅದು ಉತ್ತರ ಕರ್ನಾಟಕದ್ದೋ ನಾಸಿಕದ್ದೋ ಆಗಿರಲಿ. ಅಭಿಮಾನಕ್ಕೂ ಹದಕ್ಕೂ ಸಂಬಂಧವಿಲ್ಲ.

‘ಈಜಿಪ್ಟಿನ ಸಾಂಪ್ರದಾಯಿಕ ಸಸ್ಯಾಹಾರಿ ಕಂಫರ್ಟ್ ಫುಡ್’. ಕೊಶರಿಯ ಪರಿಚಯ ಸಾಮಾನ್ಯವಾಗಿ ಹೀಗೆ ಬರುತ್ತದೆ. ಈ ವಿಶೇಷಣಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಡುವಿನದು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕೂಡಲೇ ‘ಸಸ್ಯಾಹಾರಿ’ ಎಂಬ ಪದ ತೂಕ ಬದಲಿಸುತ್ತದೆ. ಕೈರೋದ ಕೊಶರಿಯಲ್ಲಿ ಮಾಂಸ ಇಲ್ಲದಿರುವುದಕ್ಕೆ ಕಾರಣ ಮಾಂಸ ದುಬಾರಿ ಎನ್ನುವುದು. ಕಾಪ್ಟಿಕ್ ಕ್ರೈಸ್ತರು ವರ್ಷದ ಎಷ್ಟೋ ದಿನ ಪ್ರಾಣಿಜನ್ಯವಾದ ಏನನ್ನೂ ಮುಟ್ಟದೆ ಉಪವಾಸ ಮಾಡುತ್ತಾರೆ, ಆ ದಿನಗಳಿಗೂ ಕೊಶರಿ ಒದಗುತ್ತದೆ. ಮುಸಲ್ಮಾನರೂ ಕ್ರೈಸ್ತರೂ ಒಂದೇ ಅಂಗಡಿಯ ಮುಂದೆ ನಿಂತು ತಿನ್ನಬಹುದಾದ ಊಟ ಅದು, ತಿಂದವರು ಮರುದಿನ ಮಾಂಸ ತಿಂದರೆ ಯಾರೂ ಪ್ರಶ್ನಿಸುವುದಿಲ್ಲ. ನಮ್ಮಲ್ಲಿ ‘ಶುದ್ಧ ಸಸ್ಯಾಹಾರಿ’ ಎಂಬ ಬೋರ್ಡು ಊಟದ ಬಗ್ಗೆ ಹೇಳುವುದಕ್ಕಿಂತ ಉಣ್ಣುವವರ ಬಗ್ಗೆ ಹೆಚ್ಚು ಹೇಳುತ್ತದೆ. ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಶರಿಯನ್ನು ಆ ಬೋರ್ಡಿನ ಕೆಳಗೆ ತಂದು ನಿಲ್ಲಿಸಿದಾಗ, ಬಡತನದಿಂದಲೂ ವ್ರತದಿಂದಲೂ ರೂಪುಗೊಂಡ ಒಂದು ಊಟ ಸದ್ದಿಲ್ಲದೆ ಜಾತಿಯ ಊಟವಾಗಿಬಿಡುತ್ತದೆ.

ನಮ್ಮ ಪಾಕಶಾಸ್ತ್ರದ ಪರಂಪರೆಗೂ ಇದರಲ್ಲಿ ಪಾಲಿದೆ. ಹನ್ನೊಂದನೇ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೊಂದು ಅಧ್ಯಾಯವಿದೆ. ಹದಿನಾರನೇ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಇಡಿಯಾಗಿ ಅಡುಗೆಯದೇ ಕಾವ್ಯ, ಷಟ್ಪದಿಯಲ್ಲಿ. ಒಂದು ಭಾಷೆಯಲ್ಲಿ ಇಷ್ಟು ಹಿಂದೆಯೇ ಪಾಕವಿಧಾನ ಪದ್ಯವಾಗಿತ್ತು ಎನ್ನುವುದು ನಿಜಕ್ಕೂ ದೊಡ್ಡ ಸಂಗತಿ. ಅದರಲ್ಲಿ ಹಸಿಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಇರಲು ಸಾಧ್ಯವಿಲ್ಲ, ಆಗಿನ್ನೂ ಅವು ಇತ್ತ ಬಂದಿರಲಿಲ್ಲ. ‘ಸಾಂಪ್ರದಾಯಿಕ’ ಎನ್ನುವ ಪದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ. ಆದರೆ ನಾನು ಇಲ್ಲಿ ಹೇಳಬೇಕಾದ್ದು ಬೇರೆ. ಮಂಗರಸ ಜೈನ, ತನ್ನ ಧರ್ಮಕ್ಕೆ, ಅಂತಸ್ತಿಗೆ ಒಪ್ಪುವ ಅಡುಗೆಮನೆಯನ್ನು ಬಣ್ಣಿಸಿದ. ಅದು ಅವನ ಹಕ್ಕು. ತಪ್ಪು ನಮ್ಮದು: ಅದನ್ನು ‘ಕನ್ನಡಿಗರ ಪ್ರಾಚೀನ ಅಡುಗೆ’ ಎಂದು ಓದಿಕೊಂಡೆವು. ಮಂಗರಸನ ಕಾಲದಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಕುರಿ ಕಾಯುತ್ತಿದ್ದವನು ಏನು ತಿನ್ನುತ್ತಿದ್ದ ಎಂದು ಅದರಿಂದ ತಿಳಿಯುವುದಿಲ್ಲ.

ಅದನ್ನು ತಿಳಿಯಲು ಅಡುಗೆಯ ಪುಸ್ತಕ ಬಿಟ್ಟು ಕಾವ್ಯಕ್ಕೆ ಹೋಗಬೇಕು. ಕನಕದಾಸರ ‘ರಾಮಧಾನ್ಯ ಚರಿತೆ’ ನಮ್ಮ ಕ್ಲಾಸುಗಳಲ್ಲಿ ಎಲ್ಲರೂ ಓದುವ ಕೃತಿ. ಭತ್ತ ಮತ್ತು ರಾಗಿ ಯಾರು ಶ್ರೇಷ್ಠ ಎಂದು ಜಗಳವಾಡುತ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಜಾತಿಯ ಅನ್ಯೋಕ್ತಿಯಾಗಿ ಇದನ್ನು ಓದುವುದು ಸರಿಯೇ. ಆದರೆ ಪಾಠ ಮಾಡುವಾಗ ಒಂದು ಸಂಗತಿ ಜಾರಿಹೋಗುತ್ತದೆ. ಅಲ್ಲಿ ಗೆಲುವನ್ನು ನಿರ್ಧರಿಸುವುದು ಹುಟ್ಟಲ್ಲ, ರುಚಿಯಲ್ಲ, ಕಣಜದಲ್ಲಿ ಬಾಳುವ ಶಕ್ತಿ. ಬರ ಕಂಡವನ ಮಾನದಂಡ ಅದು. ನಮ್ಮ ತಾಲ್ಲೂಕುಗಳಲ್ಲಿ ಹಗೇವಿನಲ್ಲಿ ರಾಗಿ ತುಂಬಿಟ್ಟ ಹಿರಿಯರಿಗೆ ಕನಕದಾಸರ ತೀರ್ಪಿನ ಅರ್ಥ ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತಿತ್ತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅಕ್ಕಿ ಮನೆಮನೆಗೆ ಬಂತು. ಹಬ್ಬದ ಅನ್ನ ದಿನದ ಅನ್ನವಾಯಿತು. 2023 ಸಿರಿಧಾನ್ಯ ವರ್ಷವಾದ ಮೇಲೆ ರಾಗಿ ಪೊಟ್ಟಣ ಸೇರಿ ಬೆಂಗಳೂರಿನ ಮಾಲ್‌ಗೆ ಹೋಯಿತು. ಎರಡೂ ಧಾನ್ಯಗಳ ಸ್ಥಾನ ಅದಲು ಬದಲಾಯಿತು, ಜಗಳ ಮಾತ್ರ ಹಾಗೇ ಇದೆ.

ಗೌರಿಬಿದನೂರಿನ ನನ್ನ ಅತ್ತೆಯ ಮನೆಯಲ್ಲಿ ಈ ಜಗಳಕ್ಕೆ ಎಂದೋ ರಾಜಿಯಾಗಿದೆ. ಹಿಂದೂಪುರ ಅಲ್ಲಿಂದ ಕೂಗಳತೆ. ಮನೆಮಾತು ತೆಲುಗು, ಓದು ಬರಹ ಕನ್ನಡ. ಅತ್ತೆ ಎಸರಿಗೆ ಮೊದಲು ಒಂದು ಹಿಡಿ ಅಕ್ಕಿ ಹಾಕಿ ಮೆತ್ತಗೆ ಬೇಯಿಸಿ, ಆಮೇಲೆ ರಾಗಿಹಿಟ್ಟು ಸುರಿದು ಕೋಲಾಡಿಸುತ್ತಾರೆ. ಗಡಿಯ ಆಚೆ ಅದು ಸಂಗಟಿ, ಈಚೆ ಮುದ್ದೆ. ರಾಮನ ಸೆರೆಮನೆಯಲ್ಲಿದ್ದ ಇಬ್ಬರೂ ಒಂದೇ ಉಂಡೆಯಲ್ಲಿ. ಇದನ್ನು ಅತ್ತೆಗೆ ಹೇಳಿದರೆ, ‘ಬರೀ ಹಿಟ್ಟಿನ ಮುದ್ದೆ ಗಂಟ್ಲಲ್ಲಿ ನಿಲ್ತದೆ, ಅದಕ್ಕೇ ಅನ್ನ ಹಾಕೋದು, ಇದ್ರಲ್ಲಿ ಕನಕದಾಸರು ಯಾಕೆ’ ಅಂದರು.

ಅದೇ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಓದಲು ಬೆಂಗಳೂರಿಗೆ ನಡೆದೇ ಹೋದ ಹುಡುಗ ಮುಂದೆ ಕುಲಪತಿಯಾದರು. ಅವರ ಆತ್ಮಕಥೆ ‘ಹೋರಾಟದ ಹಾದಿ’ಯಂಥ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದರೆ ‘ಕಂಫರ್ಟ್ ಫುಡ್’ ಎಂಬ ಪದ ತುಸು ನಾಚುತ್ತದೆ. ಸಿಕ್ಕಿದ್ದನ್ನು ಉಂಡವರಿಗೆ ಅದು ಊಟ. ಉಣ್ಣಲು ಹತ್ತು ಇದ್ದು, ಅದರಲ್ಲಿ ಒಂದಕ್ಕೆ ಮನಸ್ಸು ಸೋತವರಿಗೆ ಅದು ಕಂಫರ್ಟ್. ಕೈರೋದ ಕೂಲಿಯವನಿಗೂ ಪಟ್ಟಿ ಮಾಡಿದ ಸಮಿತಿಗೂ ಇರುವ ದೂರ ಇಷ್ಟೇ. ಇದರ ಮೇಲೆ ಇನ್ನೂ ಬರೆಯಬಹುದು, ಆದರೆ ನನ್ನ ಮಸೂರ ಇನ್ನೂ ಸಿಕ್ಕಿಲ್ಲ.

ಇಡೀ ಮಸೂರ ಸಿಕ್ಕಿದ್ದು ಶಿಡ್ಲಘಟ್ಟದಲ್ಲಿ. ಬೇರೆ ಕೆಲಸಕ್ಕೆ ಹೋಗಿದ್ದೆ. ರೇಷ್ಮೆಗೂಡಿನ ಮಾರುಕಟ್ಟೆ ದಾಟಿ, ಬೇಯಿಸಿದ ಗೂಡಿನ ವಾಸನೆ ತುಂಬಿದ ಬೀದಿಗಳಲ್ಲಿ ನಡೆಯುತ್ತಿದ್ದಾಗ ಒಂದು ದಿನಸಿ ಅಂಗಡಿಯ ಚೀಲದಲ್ಲಿ ಕಂದು ಬಣ್ಣದ ಕಾಳು ಕಂಡಿತು. ಅರ್ಧ ಕೆಜಿ ಕೇಳಿದೆ. ಅಂಗಡಿಯಲ್ಲಿದ್ದ ಹಿರಿಯರು ತೂಗುತ್ತಾ, ‘ಏನ್ ಮಾಡ್ತೀರಾ ಸಾರ್ ಇದ್ರಲ್ಲಿ?’ ಎಂದು ಕೇಳಿದರು. ನಮ್ಮಂಥವರು ಕೊಳ್ಳುವ ಕಾಳಲ್ಲ ಎಂದು ಅವರಿಗೆ ಗೊತ್ತು. ಈಜಿಪ್ಟಿನ ಅಡುಗೆ ಎಂದು ಶುರುಮಾಡಿ ಎಲ್ಲ ವಿವರಿಸಿದೆ: ಅಕ್ಕಿ, ಮಸೂರ, ಕರಿದ ಈರುಳ್ಳಿ, ಮೇಲೆ ಹುಳಿಯಾದ ಗೊಜ್ಜು. ಪೂರ್ತಿ ಕೇಳಿದ ಮೇಲೆ ಅವರು ನಕ್ಕರು. ‘ಅದು ಖಿಚಡಿ ಖಟ್ಟಾ ಅಲ್ವಾ ಸಾರ್. ನಮ್ಮನೇಲಿ ಬೆಳಗ್ಗೆ ಅದೇ ತಿಂದ್ಕೊಂಡ್ ಬಂದಿದೀನಿ.’

ದಖ್ಖನಿ ಮಾತಾಡುವ ಮನೆಗಳ ತಿಂಡಿ ಅದು. ಹೈದರಾಬಾದಿನ ಹೆಸರಲ್ಲಿ ಹೆಚ್ಚು ಪ್ರಸಿದ್ಧ. ಅಕ್ಕಿ, ಮಸೂರ ಉದುರಾಗಿ ಬೇಯಿಸಿದ ಖಿಚಡಿ. ಅದರ ಜೊತೆಗೆ ಖಟ್ಟಾ, ಅಂದರೆ ಹುಣಸೆಹುಳಿ, ಎಳ್ಳು, ಈರುಳ್ಳಿ, ಮೆಣಸಿನಕಾಯಿಯ ತೆಳು ಗೊಜ್ಜು. ಅಲ್ಲಿ ಅನ್ನ ಕರಗುವುದಿಲ್ಲ, ಹುಳಿ ಒಳಗೆ ಬೇಯುವುದಿಲ್ಲ, ಕೊನೆಗೆ ಮೇಲಿಂದ ಬರುತ್ತದೆ. ನಾನು ಕೊಶರಿಯ ವ್ಯಾಕರಣ ಎಂದು ಯಾವುದನ್ನು ಕಂಡುಹಿಡಿದು ಬೀಗಿದ್ದೆನೋ ಅದು ಚಿಂತಾಮಣಿಯಿಂದ ಮುಕ್ಕಾಲು ಗಂಟೆಯ ಬಸ್ಸಿನ ದೂರದಲ್ಲಿ ದಿನಾ ಬೆಳಗ್ಗೆ ನಡೆಯುತ್ತಿತ್ತು. ದೂರದ ಮಾತೇಕೆ, ಚಿಂತಾಮಣಿಯಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ ನಡೆಯುತ್ತಿರಬೇಕು. ನಾನು ಕೇಳಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕಪಾಟಿನ ಅಡುಗೆ ಪುಸ್ತಕಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಮಲೆನಾಡು, ಉಡುಪಿ, ಮೈಸೂರು, ಧಾರವಾಡ, ಕೊಡಗು. ಪ್ರಾಂತ್ಯವಾರು ‘ಕರ್ನಾಟಕದ ಸಾಂಪ್ರದಾಯಿಕ ಅಡುಗೆ’. ಖಟ್ಟಾ ಎಂಬ ಪದ ಒಂದರಲ್ಲೂ ನೆನಪಾಗಲಿಲ್ಲ. ಮನೆಗೆ ಬಂದು ತೆಗೆದು ನೋಡಿದೆ, ಇರಲಿಲ್ಲ. ಮುಸ್ಲಿಮರ ಅಡುಗೆ ಎಂದರೆ ಬಿರಿಯಾನಿ ಎಂದು ಒಂದು ಪುಟ, ಮುಗಿಯಿತು. ಅವರ ಮನೆಯಲ್ಲಿ ಮಾಂಸವಿಲ್ಲದ, ದಿನನಿತ್ಯದ, ಹೊಟ್ಟೆಗೆ ಹಿತವಾದ ತಿಂಡಿಯೂ ಇರುತ್ತದೆ ಎಂಬುದಕ್ಕೆ ಆ ಪುಸ್ತಕಗಳಲ್ಲಿ ಜಾಗವೇ ಇಲ್ಲ. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ಬೆಳೆದ ರೈತ ತಂದ ಗೂಡನ್ನು ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ಬಹುಪಾಲು ಮುಸಲ್ಮಾನರು. ಗೂಡು ದಿನಾ ಈ ಕೈಯಿಂದ ಆ ಕೈಗೆ ಹೋಗುತ್ತದೆ, ದುಡ್ಡು ಆ ಕೈಯಿಂದ ಈ ಕೈಗೆ ಬರುತ್ತದೆ. ಇಷ್ಟು ವರ್ಷ ಹೀಗೆ ಬದುಕಿಯೂ ಒಂದು ತಿಂಡಿಯ ಹೆಸರು ಬೀದಿ ದಾಟಲಿಲ್ಲ.

ಕನ್ನಡ ಸಾಹಿತ್ಯ ಈ ಬೀದಿಯನ್ನು ದಾಟಿಲ್ಲವೆಂದಲ್ಲ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಬಾನು ಮುಷ್ತಾಕ್ ಇವರ ಕಥೆಗಳ ಮೂಲಕ ಮುಸ್ಲಿಂ ಮನೆಗಳ ಒಳಕೋಣೆಗಳು ಕನ್ನಡಕ್ಕೆ ಬಂದು ನಲವತ್ತು ವರ್ಷಗಳಾದವು. 2025ರಲ್ಲಿ ಬಾನು ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ನಾವೆಲ್ಲ ‘ನಮ್ಮ ಬಾನು ಮುಷ್ತಾಕ್’ ಎಂದೆವು. ಮತ್ತೆ ಅದೇ ‘ನಮ್ಮ’. ಲಂಡನ್ನಿನಲ್ಲಿ ಬಹುಮಾನ ಬಂದಾಗ, ಕೈರೋದ ಊಟ ಪಟ್ಟಿಗೆ ಸೇರಿದಾಗ ಸುಲಭವಾಗಿ ಬಾಯಿಗೆ ಬರುವ ಪದ. ನನ್ನ ತಕರಾರು ನಾನು ಓದಿದ ಕಥೆಗಳ ಬಗ್ಗೆ ಅಲ್ಲ, ಓದಿದ ನನ್ನ ಬಗ್ಗೆ. ಅಂಥ ಕಥೆಗಳನ್ನು ನಾನು ಹೆಂಗಸರ ಸಂಕಟದ ದಾಖಲೆಯೆಂದು ಓದಿದೆ, ಟಿಪ್ಪಣಿ ಬರೆದೆ. ಅಲ್ಲಿಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಒಂದು ಸಲವೂ ಕುತೂಹಲ ಹುಟ್ಟಲಿಲ್ಲ. ಸಂಕಟವನ್ನು ಮಾತ್ರ ಹುಡುಕಿ ಓದಿದರೆ ಆ ಮನೆಯ ಸುಖ ಕಣ್ಣಿಗೆ ಬೀಳುವುದಿಲ್ಲ. ಸುಖ ಕಾಣದ ಮನೆಗೆ ನಾವು ಮರುಕ ತೋರಿಸಬಲ್ಲೆವು, ನೆಂಟರಾಗಲಾರೆವು.

ಮಸೂರ ತಂದ ಮೇಲೆ ಎರಡನೇ ಸಲ ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ. ನಾಲ್ಕು ಜನಕ್ಕೆ ಲೆಕ್ಕ. ಅರ್ಧ ಲೋಟ ಕಾಬೂಲಿ ಕಡಲೆ ಹಿಂದಿನ ರಾತ್ರಿಯೇ ನೆನೆಹಾಕಿ ಬೇಯಿಸಿಟ್ಟೆ, ಕುಕ್ಕರಿಗೆ ಅಷ್ಟೇ ಕೆಲಸ. ನಾಲ್ಕು ದಪ್ಪ ಈರುಳ್ಳಿ ಉದ್ದಕ್ಕೆ ಸೀಳಿ, ಚಿಟಿಕೆ ಉಪ್ಪು ಸವರಿ, ಬೇಕಷ್ಟು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕರಿದೆ. ಇನ್ನೇನು ಪೂರ್ತಿ ಕೆಂಪಾಯಿತು ಅನ್ನುವುದಕ್ಕೆ ಒಂದು ನಿಮಿಷ ಮುಂಚೆ ತೆಗೆಯಬೇಕು, ತೆಗೆದ ಮೇಲೂ ಅದು ಬೇಯುತ್ತಿರುತ್ತದೆ. ಆ ಎಣ್ಣೆಯನ್ನು ಚೆಲ್ಲಬಾರದು, ಇಡೀ ಊಟದ ರುಚಿ ಅದರಲ್ಲಿದೆ. ಒಂದು ಲೋಟ ಮಸೂರವನ್ನು ತೆರೆದ ಪಾತ್ರೆಯಲ್ಲಿ ಹದಿನೈದು ನಿಮಿಷ ಅರೆಬೇಯಿಸಿ ಬಸಿದುಕೊಂಡೆ. ಬಸಿಯುವುದು ನಮಗೆ ಹೊಸದಲ್ಲ, ಬಸ್ಸಾರಿಗೆ ದಿನಾ ಮಾಡುವುದೇ. ಬಸಿದ ಕಟ್ಟನ್ನು ಅಮ್ಮ ಕೇಳದೆಯೇ ತೆಗೆದಿಟ್ಟುಕೊಂಡರು. ಈರುಳ್ಳಿ ಎಣ್ಣೆಯಲ್ಲಿ ಒಂದು ಹಿಡಿ ಶಾವಿಗೆ ಕೆಂಪಗೆ ಹುರಿದು, ಒಂದೂವರೆ ಲೋಟ ಅಕ್ಕಿ, ಆ ಮಸೂರ, ಉಪ್ಪು, ಮೂರು ಲೋಟ ಬಿಸಿನೀರು ಹಾಕಿ ಮುಚ್ಚಿದೆ. ಸೌಟು ಆಡಿಸಲಿಲ್ಲ. ಮ್ಯಾಕರೋನಿ ಬೇರೆ. ಟೊಮೆಟೊ ಗೊಜ್ಜಿಗೆ ಅದೇ ಎಣ್ಣೆ, ಬೆಳ್ಳುಳ್ಳಿ, ಧನಿಯಾ, ಜೀರಿಗೆ, ಅಚ್ಚಖಾರದ ಪುಡಿ, ಕೊನೆಗೆ ಒಂದು ಚಮಚ ವಿನೆಗರ್.

ಮೊದಲ ಸಲ ಅಮ್ಮ ‘ವಿನಿಗರ್ ಯಾಕೆ, ಹುಣಸೆಹಣ್ಣು ಹಾಕು’ ಅಂದಾಗ ನಾನು ಬೇಡವೆಂದಿದ್ದೆ. ಹುಣಸೆಹುಳಿ ಬಿದ್ದರೆ ಎಲ್ಲವೂ ಸಾರಿನ ರುಚಿಗೆ ಬಂದುಬಿಡುತ್ತದೆ, ಕೊಶರಿ ಕೊಶರಿಯಾಗಿ ಉಳಿಯುವುದಿಲ್ಲ ಎಂಬ ವಾದ. ಈ ಸಲ ವಿನೆಗರಿನ ಗೊಜ್ಜು ಒಂದು ಬಟ್ಟಲು, ಶಿಡ್ಲಘಟ್ಟದ ಹಿರಿಯರು ಹೇಳಿದ ಪ್ರಕಾರ ಎಳ್ಳು, ಹುಣಸೆಯ ಖಟ್ಟಾ ಇನ್ನೊಂದು ಬಟ್ಟಲು ಮಾಡಿ ಇಟ್ಟೆ. ಅಮ್ಮ ಅನ್ನ, ಕಾಳು, ಈರುಳ್ಳಿ ಹಾಕಿಕೊಂಡರು, ಮ್ಯಾಕರೋನಿಯನ್ನು ಪಕ್ಕಕ್ಕೆ ಸರಿಸಿದರು. ಒಂದು ತುತ್ತಿಗೆ ಟೊಮೆಟೊ ಗೊಜ್ಜು, ಒಂದು ತುತ್ತಿಗೆ ಖಟ್ಟಾ. ಏನೂ ಹೇಳಲಿಲ್ಲ. ಎರಡನೇ ಸಲ ಬಡಿಸಿಕೊಂಡಾಗ ಬರೀ ಖಟ್ಟಾ.

ಆಮೇಲೆ ತಟ್ಟೆ ತೊಳೆಯುತ್ತಾ ಕೇಳಿದರು: ‘ಎಳ್ಳು ಹಸೀದೇ ರುಬ್ಬಿದ್ಯಾ, ಹುರಿದ್ಯಾ?’ ಹಸಿಯೇ ಎಂದೆ. ‘ಕಮಟು ಬಂದೈತೆ. ಮತ್ತೆ ಆ ಕಡೆ ಹೋದ್ರೆ ಅವರ ಮನೇಲಿ ಹೆಂಗೆ ಮಾಡ್ತಾರೆ ಕೇಳ್ಕೊಂಡ್ ಬಾ.’